ಹಾಡು ಕೇಳುವ ಕಿವಿಗೊಂದು ನ್ಯಾಯ, ದುಡಿಯುವ ಕಿವಿಗೊಂದು ನ್ಯಾಯ

ತುಮಕೂರಿನ ಕಡೆಯಿಂದ ಬೆಳಗಿನ ರೈಲು ಹಿಡಿದು, ದಾಬಸ್‌ಪೇಟೆ, ಸೋಲದೇವನಹಳ್ಳಿ ದಾಟಿ ಚಿಕ್ಕಬಾಣಾವರದಲ್ಲಿ ಇಳಿಯುವ ಕೆಲಸಗಾರರನ್ನು ಒಂದು ದಿನ ಸುಮ್ಮನೆ ನಿಂತು ನೋಡಬೇಕು. ಇಪ್ಪತ್ತರ ಹುಡುಗರು ತಮ್ಮತಮ್ಮಲ್ಲಿ ಮೆಲ್ಲಗೆ ಮಾತಾಡಿಕೊಂಡು ಹೋಗುತ್ತಾರೆ. ನಲವತ್ತೈದು ದಾಟಿದವರು, ಪಕ್ಕದಲ್ಲೇ ನಡೆಯುತ್ತಿರುವ ಗೆಳೆಯನೊಡನೆ, ಹೊಲದ ಆಚೆ ಬದಿಯಲ್ಲಿ ನಿಂತವನನ್ನು ಕೂಗಿದ ಹಾಗೆ ಮಾತಾಡುತ್ತಾರೆ. ಹಳ್ಳಿ ಜನ, ಗಟ್ಟಿ ಗಂಟಲು, ನಯವಿಲ್ಲ ಎಂದು ಪೇಟೆಯವರು ಮೂಗು ಮುರಿಯುತ್ತಾರೆ. ಗಂಟಲಿನ ದೋಷವಲ್ಲ ಸ್ವಾಮಿ, ಕಿವಿಯದು. ಆ ಕಿವಿ ಹಳ್ಳಿಯಿಂದ ಬರುವಾಗ ಚೆನ್ನಾಗಿಯೇ ಇತ್ತು. ಪೀಣ್ಯದ ಶೆಡ್ಡುಗಳಲ್ಲಿ ವರ್ಷಕ್ಕಿಷ್ಟರಂತೆ ಸವೆದು ಹೋಯಿತು.

ಹೋದ ತಿಂಗಳು ಚಿಕ್ಕಬಾಣಾವರದಲ್ಲಿ ಅಂಥ ಒಬ್ಬರ ಮನೆಗೆ ಹೋಗಿದ್ದೆವು. ಕೆರೆಯ ಕಡೆಯ ಓಣಿ, ಎರಡು ಕೋಣೆಯ ಬಾಡಿಗೆ ಮನೆ. ಯಜಮಾನರು 22 ವರ್ಷದಿಂದ ಪವರ್ ಪ್ರೆಸ್ಸಿನ ಮೇಲೆ ನಿಂತವರು. ಯಾವ ಶೆಡ್ಡು ಎಂಬುದು ಇಲ್ಲಿ ಬೇಡ. ಬರೆದರೆ ಮಾರನೆಯ ದಿನವೇ ಅವರಿಗೆ ಗೇಟು ಮುಚ್ಚುತ್ತದೆ. ಮೇಲಾಗಿ ಹೆಸರು ಹೇಳಲು ಹೊರಟರೆ ಒಂದು ಹೆಸರಿನಲ್ಲಿ ಮುಗಿಯುವ ಮಾತೂ ಅಲ್ಲ. ಅವರ ಮಗಳು ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಕಂತಿನ ಮೇಲೆ ಒಂದು ಜೊತೆ ಇಯರ್‌ಬಡ್ ತಂದಿದ್ದಳು, ಕಿವಿಯೊಳಗೆ ಕೂರುವ ಹುಣಸೆಬೀಜದಷ್ಟು ಸಾಧನ. ಅದರ ಜೊತೆಗೆ ಫೋನಿನಲ್ಲಿ ಒಂದು ಪರೀಕ್ಷೆ ಬರುತ್ತದೆ. ಸಣ್ಣ ಸಣ್ಣ ಪೀಪಿಗಳು ಕೇಳುತ್ತವೆ. ಕೇಳಿದಾಗಲೆಲ್ಲ ಬೆರಳಿನಿಂದ ಒತ್ತಬೇಕು. ಯಾವ ಸ್ವರ ಎಷ್ಟು ಮೆಲ್ಲಗಿದ್ದರೂ ನಿಮಗೆ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಅಳೆದು, ಕೇಳದ ಸ್ವರವನ್ನು ಎತ್ತಿ, ಕೇಳುವುದನ್ನು ಇದ್ದ ಹಾಗೆ ಬಿಟ್ಟು, ನಿಮ್ಮ ಕಿವಿಯ ಅಳತೆಗೇ ಹೊಲಿದ ಅಂಗಿಯಂತೆ ನಾದವನ್ನು ತಿದ್ದಿ ಕೊಡುತ್ತದೆ. ಮಗಳು ತಮಾಷೆಗೆಂದು ತಂದೆಯ ಕಿವಿಗೆ ಇಟ್ಟಳು.

"ಕೇಳಿಸಿದ ತಕ್ಷಣ ಒತ್ತಪ್ಪಾ."

"ಕೇಳಿಸ್ಲಿ, ಒತ್ತೀನಿ."

ಅಷ್ಟರಲ್ಲಿ ಮೂರು ಸಲ ಬಂದು ಹೋಗಿತ್ತು. ಮಗಳ ಮುಖದ ನಗು ಅಲ್ಲಿಗೆ ನಿಂತಿತಂತೆ. ಫೋನಿನ ಪರದೆಯ ಮೇಲೆ ಮೂಡಿದ ಗೆರೆಯನ್ನು ನಮಗೆ ತೋರಿಸಿದರು. ಎಡದಿಂದ ಸಮನಾಗಿ ಬಂದು, 4,000 ಹರ್ಟ್ಸ್ ಎಂದು ಬರೆದ ಕಡೆ ಬಾವಿಗೆ ಬಿದ್ದಂತೆ ಕುಸಿದು, ಬಲಗಡೆ ಮತ್ತೆ ಸ್ವಲ್ಪ ಮೇಲೆದ್ದ ಗೆರೆ. ಈ ಬಾವಿಯನ್ನು ಕಿವಿಯ ವೈದ್ಯರಲ್ಲಿ ಯಾರಿಗೆ ತೋರಿಸಿದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಕಾರ್ಖಾನೆಯಲ್ಲಿ ಕೆಲಸ? ಮುಪ್ಪಿನ ಕಿವುಡುತನದ ಗೆರೆ ಬಲಕ್ಕೆ ಇಳಿಯುತ್ತಲೇ ಹೋಗುತ್ತದೆ. ಯಂತ್ರದ ಸದ್ದು ತಿಂದ ಕಿವಿಯಲ್ಲಿ ಮಾತ್ರ 3,000ದಿಂದ 6,000 ಹರ್ಟ್ಸಿನ ನಡುವೆ ಮೊದಲು ಈ ಗುಂಡಿ ಬೀಳುತ್ತದೆ.

ಇದರಿಂದ ಏನಾಗುತ್ತದೆ ಎನ್ನುವವರಿಗೆ ನಮ್ಮ ಭಾಷೆಯಲ್ಲೇ ಹೇಳೋಣ. ಸ್ವರಗಳು ತಗ್ಗಿನ ಸದ್ದು. ಆ, ಓ, ಊ ಎಲ್ಲ ಅವರಿಗೆ ಚೆನ್ನಾಗಿ ಕೇಳುತ್ತವೆ. ಸಕಾರ, ಶಕಾರ, ತಕಾರ, ಚಕಾರಗಳ ಗುರುತು ಇರುವುದು ಮೇಲಿನ ಸದ್ದಿನಲ್ಲಿ. ಗುಂಡಿ ಬಿದ್ದಿರುವುದೂ ಅಲ್ಲೇ. ಆದ್ದರಿಂದ ಅವರು ಕಿವುಡರಂತೆ ಕಾಣುವುದಿಲ್ಲ. ಮಾತಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನೆಂಬುದು ತಿಳಿಯುವುದಿಲ್ಲ. ಜೊತೆಯವನು "ಸಾಕು" ಎಂದದ್ದು "ಹಾಕು" ಎಂದು ಕೇಳುತ್ತದೆ. ಊಟದ ಎಲೆಯ ಮುಂದೆ ಇದು ನಗೆಯ ಮಾತು. ಪ್ರೆಸ್ಸಿನ ಮುಂದೆ, ಎದುರಿನವನ ಕೈ ಇನ್ನೂ ಡೈ ನಡುವೆ ಇದ್ದಾಗ, "ಸಾಕು" ಎಂಬುದು "ಹಾಕು" ಆದರೆ ಏನಾಗುತ್ತದೆಂದು ಪೀಣ್ಯದಲ್ಲಿ ಬೆರಳಿಲ್ಲದ ಕೈಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ನಾವು ಆ ಪುಟ್ಟ ಸಾಧನದ ವೈರಿಗಳಲ್ಲ. ಅದರ ಹಿಂದಿನ ವಿದ್ಯೆ ದೊಡ್ಡದು; ಅದನ್ನು ಮೆಚ್ಚದೆ ಇರುವುದು ಮೂರ್ಖತನ. ಕೆಲವು ಇಯರ್‌ಬಡ್ಡುಗಳಲ್ಲಿ ಗುಂಡಿ ಒತ್ತುವ ಕೆಲಸವೂ ಇಲ್ಲ. ಮೆಲ್ಬರ್ನಿನ ನುರಾ ಎಂಬ ಕಂಪೆನಿ, ಕಿವಿಯೊಳಗೆ ಸದ್ದು ಬಿಟ್ಟು, ಕಿವಿ ತಾನೇ ಹಿಂದಕ್ಕೆ ಕಳಿಸುವ ಅತಿ ಸಣ್ಣ ಮರುದನಿಯನ್ನು ಅಳೆದು ನಾದವನ್ನು ಹೊಂದಿಸುವ ಸಾಧನ ಮಾಡಿತು. ಆರೋಗ್ಯವಾದ ಕಿವಿ ಹೀಗೆ ಮರುದನಿ ಕೊಡುತ್ತದೆಂದು ಡೇವಿಡ್ ಕೆಂಪ್ ಎಂಬ ವಿಜ್ಞಾನಿ 1978ರಲ್ಲಿ ತೋರಿಸಿಕೊಟ್ಟದ್ದು ಲಂಡನ್ನಿನ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ. ಹುಟ್ಟಿದ ಕೂಸುಗಳ ಕಿವಿ ಪರೀಕ್ಷೆ ಇಂದು ಅದೇ ತತ್ವದಿಂದ ನಡೆಯುತ್ತದೆ. ಸಾರ್ವಜನಿಕರ ಹಣದಲ್ಲಿ ಹುಟ್ಟಿದ ಅರಿವು, ಪೆಟ್ಟಿಗೆಯಲ್ಲಿ ಕೂತು ಸಾವಿರಾರು ರೂಪಾಯಿಯ ಸರಕಾಗಿ ನಮಗೇ ಮರಳಿ ಬಂದಿದೆ. ಬಂಡವಳಿಗರ ಈ ಜಾಣತನ ಹೊಸದೇನಲ್ಲ, ಅದನ್ನು ಇಷ್ಟಕ್ಕೇ ಬಿಡೋಣ.

ನಮ್ಮ ಜಗಳ ಬೇರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಟ್ಟಿಗೆ ಕೂತು, ಹಾಡು ಕೇಳುವ ಸಾಧನಗಳಿಗೆಂದು ಒಂದು ಅಳತೆ ಹಾಕಿದವು. ಬೆಳೆದ ಮನುಷ್ಯನ ಕಿವಿಗೆ 80 ಡೆಸಿಬೆಲ್ ಸದ್ದು, ವಾರಕ್ಕೆ 40 ಗಂಟೆ. ಅದರಾಚೆ ಹೋದರೆ ಸಾಧನವೇ ಎಚ್ಚರಿಸಬೇಕು. ಸರಿಯಾದ ಮಾತು. ಈಗ ನಮ್ಮ ಮಾದರಿ ಕಾರ್ಖಾನೆ ನಿಯಮಗಳನ್ನು ತೆರೆದು ನೋಡಿ. ದುಡಿಯುವವನ ಕಿವಿಗೆ 90 ಡೆಸಿಬೆಲ್, ದಿನಕ್ಕೆ 8 ಗಂಟೆ. ಎಂದರೆ ವಾರಕ್ಕೆ 48 ಗಂಟೆ.

ಎಂಬತ್ತಕ್ಕೂ ತೊಂಬತ್ತಕ್ಕೂ ಹತ್ತೇ ತಾನೆ ವ್ಯತ್ಯಾಸ ಎಂದು ಓದುಗರು ಮೋಸ ಹೋಗಬಾರದು. ಡೆಸಿಬೆಲ್ ಎಂಬುದು ಸೇರು ಪಾವಿನ ಲೆಕ್ಕವಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು. ಹತ್ತು ಏರಿದರೆ ಹತ್ತು ಪಟ್ಟು. ವಾರದ ಗಂಟೆಗಳನ್ನೂ ಸೇರಿಸಿ ಗುಣಿಸಿದರೆ, ಹಾಡು ಕೇಳುವವನ ಕಿವಿಗೆ ತಡೆಯದೆಂದು ಲೋಕದ ಪಂಡಿತರು ಗೆರೆ ಎಳೆದ ಸದ್ದಿನ 12 ಪಟ್ಟನ್ನು ಕೆಲಸಗಾರನ ಕಿವಿ ವಾರ ವಾರವೂ ತಡೆಯಬೇಕು, ಅದೂ ಕಾನೂನಿನ ಒಪ್ಪಿಗೆಯೊಂದಿಗೆ. ಇಬ್ಬರ ಕಿವಿಯೊಳಗೂ ಇರುವುದು ಒಂದೇ ಬಗೆಯ ಹದಿನೈದು ಸಾವಿರದಷ್ಟು ಕೂದಲಿನ ಜೀವಕೋಶಗಳು. ಒಮ್ಮೆ ಸತ್ತರೆ ಯಾರಿಗೂ ಮತ್ತೆ ಹುಟ್ಟುವುದಿಲ್ಲ. ಕೆಲಸಗಾರನ ಕಿವಿ ಕಬ್ಬಿಣದಿಂದ ಮಾಡಿದ್ದೆಂದು ಯಾವ ವೈದ್ಯಗ್ರಂಥದಲ್ಲಿ ಬರೆದಿದೆ?

ಈ 90ರ ಗೆರೆಯೊಳಗೇ ಇದ್ದರೆ ಕ್ಷೇಮವೇ? ಅದೂ ಇಲ್ಲ. ಅಮೆರಿಕದ ಸರಕಾರದ್ದೇ ಆದ ಔದ್ಯೋಗಿಕ ಆರೋಗ್ಯ ಸಂಸ್ಥೆ 1998ರಲ್ಲಿ ಲೆಕ್ಕ ಹಾಕಿ ಹೇಳಿತು: 90 ಡೆಸಿಬೆಲ್ಲಿನಲ್ಲಿ 40 ವರ್ಷ ದುಡಿದರೆ, ಮುಪ್ಪಿನ ಪಾಲನ್ನು ಕಳೆದ ಮೇಲೂ, ನೂರಕ್ಕೆ 25 ಮಂದಿಯ ಕಿವಿ ಹೋಗುತ್ತದೆ. 85ಕ್ಕೆ ಇಳಿಸಿದರೆ ನೂರಕ್ಕೆ 8. ಅಂದರೆ ನಮ್ಮ ನಿಯಮವನ್ನು ಮಾಲೀಕ ಅಕ್ಷರಶಃ ಪಾಲಿಸಿದರೂ ನಾಲ್ವರಲ್ಲಿ ಒಬ್ಬನ ಕಿವಿಯನ್ನು ಸರಕಾರ ಮೊದಲೇ ಬರೆದುಕೊಟ್ಟಿದೆ. ಪಾಲಿಸುವವರು ಎಷ್ಟು ಮಂದಿ ಎಂಬುದು ಆಮೇಲಿನ ಮಾತು. ತಗಡಿನ ಛಾವಣಿಯ ಕೆಳಗೆ ನಾಲ್ಕು ಪ್ರೆಸ್ಸು, ಎರಡು ಗ್ರೈಂಡರು, ಮೂಲೆಯಲ್ಲೊಂದು ಕಂಪ್ರೆಸರು ಒಟ್ಟಿಗೆ ಓಡುವ ಶೆಡ್ಡಿನೊಳಗೆ ಒಂದು ಗಳಿಗೆ ನಿಂತು ಬಂದವರಿಗೆ ಅಳತೆಯ ಯಂತ್ರ ಬೇಡ. ಮೊಳದ ದೂರದಲ್ಲಿರುವವನಿಗೆ ಕಿರುಚದೆ ಮಾತು ಮುಟ್ಟದಿದ್ದರೆ ಮಿತಿ ದಾಟಿದೆ ಎಂದೇ ಅರ್ಥ.

ಇದೇನು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯೇ? ಮುನ್ನೂರು ವರ್ಷದ ಹಿಂದೆ ಇಟಲಿಯ ರಮಾಝಿನಿ ಎಂಬ ವೈದ್ಯ, ತಾಮ್ರ ಬಡಿಯುವ ಕಂಚುಗಾರರು ಕಿವುಡರಾಗುವುದನ್ನು ಬರೆದಿಟ್ಟ. 1886ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿ ನೋಡಿದ. ನೂರರಲ್ಲಿ ಒಬ್ಬನ ಕಿವಿಯೂ ನೆಟ್ಟಗಿರಲಿಲ್ಲ. ನಮ್ಮಲ್ಲೂ 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಸದ್ದಿನ ಕಿವುಡುತನ ವರದಿ ಮಾಡಲೇಬೇಕಾದ ರೋಗವಾಗಿ ಸೇರಿತು. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲೂ ಅದು ಔದ್ಯೋಗಿಕ ರೋಗವಾಗಿತ್ತು. ಅಂಥ ಕೆಲಸದಲ್ಲಿ ಆರು ತಿಂಗಳಿಗೆ ಕಡಮೆಯಿಲ್ಲದೆ ದುಡಿದವನಿಗೆ ಆ ರೋಗ ಬಂದರೆ ಕೆಲಸದಿಂದಲೇ ಬಂತೆಂದು ತಿಳಿಯಬೇಕು, ಅಲ್ಲವೆಂದು ಸಾಧಿಸುವ ಹೊಣೆ ಮಾಲೀಕನದು. ಹೊಸ ಸಂಹಿತೆಗಳಿಗೂ ಈ ರೋಗದ ಹೆಸರು ಬಂದಿದೆ. ಕಾಗದದ ಮೇಲೆ ನಮ್ಮ ಕೆಲಸಗಾರ ರಾಜಕುಮಾರ. ಆದರೆ ಕಿವಿ ಹೋಗಿದೆಯೆಂದು ತೋರಿಸಲು ಅಳತೆಯ ಹಾಳೆ ಬೇಕಲ್ಲ, ಅದನ್ನು ಕೊಡುವವರು ಯಾರು? 22 ವರ್ಷದಲ್ಲಿ ತಮ್ಮ ಕಿವಿಯನ್ನು ಒಮ್ಮೆಯೂ ಯಾರೂ ಅಳೆದಿಲ್ಲ ಎಂದು ಆ ಯಜಮಾನರು ಹೇಳಿದರು. ಮೊದಲ ಸಲ ಅಳೆದದ್ದು ಮಗಳ ಇಯರ್‌ಬಡ್ಡು!

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳನ್ನು ದೆಹಲಿಯ ಸರಕಾರ ಹಬ್ಬದಂತೆ ಸಾರಿತು. 40 ದಾಟಿದ ಕೆಲಸಗಾರರಿಗೆಲ್ಲ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದಿತು. ನಲವತ್ತು ಯಾಕೆ? ಸದ್ದಿನ ಕಿವುಡುತನ ಬಲು ಬೇಗ ಬೆಳೆಯುವುದು ಕೆಲಸಕ್ಕೆ ಸೇರಿದ ಮೊದಲ ಹತ್ತು ಹದಿನೈದು ವರ್ಷದಲ್ಲಿ. ಹತ್ತೊಂಬತ್ತಕ್ಕೆ ಪ್ರೆಸ್ಸಿನ ಮುಂದೆ ನಿಂತ ಹುಡುಗನಿಗೆ ನಲವತ್ತು ತುಂಬುವಾಗ ಬಾವಿ ತೋಡಿ ಮುಗಿದಿರುತ್ತದೆ. ಅಲ್ಲಿಗೆ ಹಗ್ಗ ಹಿಡಿದುಕೊಂಡು ವೈದ್ಯರು ಬರುತ್ತಾರೆ. ಇನ್ನೊಂದು ಕಡೆ, ವಿದ್ಯುತ್ತಿನಿಂದ ನಡೆಯುವ ಶೆಡ್ಡು "ಕಾರ್ಖಾನೆ" ಎನಿಸಿಕೊಳ್ಳಲು ಹಳೆಯ ಕಾಯಿದೆಯಲ್ಲಿ 10 ಆಳು ಸಾಕಿತ್ತು. ಹೊಸದರಲ್ಲಿ 20 ಬೇಕು. ಹತ್ತು ಆಳಿದ್ದರೂ ಸಂಹಿತೆಯ ಸಾಮಾನ್ಯ ವಿಧಿಗಳು ಅನ್ವಯಿಸುತ್ತವಲ್ಲ ಎಂದು ವಕೀಲರು ಹೇಳಿಯಾರು. ಅನ್ವಯಿಸಲಿ. ಆದರೆ ಹತ್ತೊಂಬತ್ತು ಆಳಿನ ಪ್ರೆಸ್ ಶೆಡ್ಡು ಇನ್ನು ಮೇಲೆ ಕಾರ್ಖಾನೆಯೇ ಅಲ್ಲ ಎಂಬ ಮಾತು ಪೀಣ್ಯದ ಗಲ್ಲಿಗಳನ್ನು ಕಂಡ ಯಾರ ತಲೆಯಿಂದ ಹೊರಟೀತು?

ಬೆಂಗಳೂರಿನ ಸರಕಾರವೇನು ಹಿಂದೆ ಬೀಳಲಿಲ್ಲ. 2023ರಲ್ಲಿ ನಮ್ಮ ಶಾಸನಸಭೆ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಒಳಗೆ ಎಂಬ ಷರತ್ತಿನ ಮೇಲೆ, ದಿನಕ್ಕೆ 12 ಗಂಟೆ ದುಡಿಸಲು ಬಾಗಿಲು ತೆರೆಯಿತು. ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. 90 ಡೆಸಿಬೆಲ್ ಎಂಬ ಮಿತಿ ಬರೆದದ್ದು 8 ಗಂಟೆಗೆ. ಹನ್ನೆರಡಕ್ಕೆ ಏರಿಸುವಾಗ ಕಿವಿಯ ಮಿತಿಯನ್ನು ಇಳಿಸಬೇಕೆಂದು ಆ ಸಭೆಯಲ್ಲಿ ಯಾರಿಗಾದರೂ ಹೊಳೆಯಿತೇ? ದಿನದ ಗಂಟೆ ಹೆಚ್ಚಿದರೆ ಕಿವಿಗೆ ಸುಧಾರಿಸಿಕೊಳ್ಳಲು ಸಿಗುವ ನಿಶ್ಶಬ್ದದ ಗಂಟೆ ಅಷ್ಟೇ ಕಡಮೆ. ದಾಸರಹಳ್ಳಿಯ ಹೆದ್ದಾರಿಯ ಪಕ್ಕದಲ್ಲಿ ಮಲಗುವವನಿಗೆ ಆ ನಿಶ್ಶಬ್ದವಾದರೂ ಎಲ್ಲಿಯದು ಎನ್ನಿ.

ಇನ್ನು ಅಂಗವಿಕಲರ ಕಾಯಿದೆಯ ಚೆಂದ ನೋಡಿ. 2016ರ ಆ ಕಾಯಿದೆಯಂತೆ ಎರಡು ಕಿವಿಯಲ್ಲೂ ಮಾತಿನ ಸ್ವರಗಳಲ್ಲಿ 60 ಡೆಸಿಬೆಲ್ ನಷ್ಟವಾದರೆ ಮಾತ್ರ ಮಂದ ಶ್ರವಣದವನು. 70 ಆದರೆ ಕಿವುಡ. ನಮ್ಮ ಯಜಮಾನರದು ಅಷ್ಟಿಲ್ಲ. ಆದ್ದರಿಂದ ಕಾಯಿದೆಯ ಕಣ್ಣಿಗೆ ಅವರ ಕಿವಿ ನೆಟ್ಟಗಿದೆ. ಹೊಸ ಕೆಲಸ ಕೇಳಿಕೊಂಡು ಹೋದರೆ, ಎರಡು ಸಲ "ಏನಂದ್ರಿ ಸಾರ್" ಎಂದ ಕೂಡಲೇ, ಮೇಸ್ತ್ರಿಯ ಕಣ್ಣಿಗೆ ಅವರು ಕಿವುಡರು. ಸರಕಾರದ ಶ್ರವಣ ಸಾಧನ ಕೇಳಲು ಸಾಲದಷ್ಟು ಕಿವುಡು, ಕೆಲಸ ಕಳೆದುಕೊಳ್ಳಲು ಸಾಕಾದಷ್ಟು ಕಿವುಡು!

ಈ ನಡುವಿನ ಜನಕ್ಕೇ ಇಯರ್‌ಬಡ್ ಬಂದಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಬಂದಿದೆ, ನಿಜ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತ, ಆಪಲ್ ಕಂಪೆನಿಯ ಏರ್‌ಪಾಡ್ಸ್ ಪ್ರೋ ಎರಡನೆಯ ಮಾದರಿಯನ್ನು, ಅಲ್ಪ ಹಾಗೂ ಮಧ್ಯಮ ಪ್ರಮಾಣದ ಶ್ರವಣದೋಷದವರಿಗೆ ಶ್ರವಣ ಸಾಧನವಾಗಿ ಬಳಸಲು ಒಪ್ಪಿತು. ಫೋನಿನಲ್ಲೇ ಪರೀಕ್ಷೆ, ಕಿವಿಯಲ್ಲೇ ಪರಿಹಾರ. ನಮ್ಮಲ್ಲಿ ಆಗ ಬೆಲೆ ಸುಮಾರು 25 ಸಾವಿರ ರೂಪಾಯಿ ಇತ್ತು. ಆ ಹಣ ಕೊಟ್ಟು ಬೆಂಗಳೂರಿನಲ್ಲಿ ಕೊಂಡವರಿಗೆ ಆಗ ಏನು ಸಿಕ್ಕಿತು? ಬೀಗ ಹಾಕಿದ ಪೆಟ್ಟಿಗೆ. ಭಾರತದಲ್ಲಿ ಆ ಸೌಲಭ್ಯಕ್ಕೆ ಅಪ್ಪಣೆಯಿಲ್ಲವೆಂದು ಯಂತ್ರವೇ ಬಾಯಿ ಮುಚ್ಚಿಕೊಂಡಿತ್ತು. ಆಗ ಕೋರಮಂಗಲದ ಲಗ್ರಾಂಜ್ ಪಾಯಿಂಟ್ ಎಂಬ ಪ್ರಯೋಗಶಾಲೆಯ ಯುವಕರು, ತಮ್ಮ ಅಜ್ಜಿಯಂದಿರಿಗಾಗಿ, ಒಂದು ಉಪಾಯ ಹೂಡಿದರು. ಅಲ್ಯುಮಿನಿಯಂ ತೆಳುಹಾಳೆ ಸುತ್ತಿ, ಅಡಿಗೆಮನೆಯ ಮೈಕ್ರೋವೇವ್ ಒಲೆಯನ್ನೂ ಬಳಸಿಕೊಂಡು, ಹೊರಗಿನ ರೇಡಿಯೊ ಅಲೆ ಒಳಗೆ ಬಾರದಂಥ ಗೂಡು ಕಟ್ಟಿದರು. ಅದರೊಳಗೆ ಕ್ಯಾಲಿಫೋರ್ನಿಯದ ವೈಫೈ ಜಾಲಗಳ ಹೆಸರುಗಳನ್ನು ಸಣ್ಣ ಯಂತ್ರವೊಂದರಿಂದ ಬಿತ್ತರಿಸಿ, ನೀನೀಗ ಅಮೆರಿಕದಲ್ಲಿದ್ದೀಯೆ ಎಂದು ಸಾಧನವನ್ನು ನಂಬಿಸಿದರು. ಬೀಗ ತೆರೆಯಿತು. ಆಮೇಲೆ ಬೇರೆಯವರ ಸಾಧನಗಳನ್ನೂ ತೆರೆದುಕೊಟ್ಟರು. 2024ರ ನವೆಂಬರಿನಲ್ಲಿ ಇದು ದೇಶವಿದೇಶದ ಪತ್ರಿಕೆಗಳಲ್ಲಿ ಬಂತು.

ಆ ಹುಡುಗರಿಗೆ ನಮ್ಮ ಶಾಭಾಸ್‌ಗಿರಿ ಸಲ್ಲಬೇಕು. ಬೆಂಗಳೂರಿನಲ್ಲಿ ಕೂತ ಅಜ್ಜಿಗೆ ಕೇಳಬೇಕಾದರೆ ಅವಳ ಕಿವಿಯನ್ನು ಕ್ಯಾಲಿಫೋರ್ನಿಯಕ್ಕೆ ಕಳಿಸಿದ ನಾಟಕ ಆಡಬೇಕೆಂದರೆ, ಯಂತ್ರದ ಒಡೆತನ ಯಾರದೆಂಬ ಪ್ರಶ್ನೆಗೆ ಉದ್ದುದ್ದ ಭಾಷಣ ಬೇಕಿಲ್ಲ. ಅದಿರಲಿ. ಕೋರಮಂಗಲದ ಅಜ್ಜಿಯರಿಗೆ ಮೊಮ್ಮಕ್ಕಳಿದ್ದರು. ಚಿಕ್ಕಬಾಣಾವರದ ಬಾಡಿಗೆ ಮನೆಯಲ್ಲಿ 25 ಸಾವಿರವೆಂದರೆ ತಿಂಗಳ ಸಂಬಳಕ್ಕಿಂತ ಹೆಚ್ಚು. ಮತ್ತು ಸಾಲ ಮಾಡಿ ಕೊಂಡರೂ, ಆ ಸಾಧನ ಉಳಿದ ಕಿವಿಗೆ ಊರುಗೋಲು ಕೊಟ್ಟೀತೇ ಹೊರತು ಸತ್ತ ಜೀವಕೋಶಕ್ಕೆ ಜೀವ ಕೊಡದು. ಬೆಳಿಗ್ಗೆ ಅದೇ ಕಿವಿ ಅದೇ ಪ್ರೆಸ್ಸಿನ ಮುಂದೆ ನಿಲ್ಲಬೇಕು.

ಮಾಲೀಕರ ಕಡೆಯ ಮಾತನ್ನೂ ಕೇಳಿದ್ದೇವೆ. ಕಿವಿಗೆ ಬಿರಡೆ ಕೊಡುತ್ತೇವೆ, ಇವರು ಹಾಕಿಕೊಳ್ಳುವುದಿಲ್ಲ ಎನ್ನುತ್ತಾರೆ. ಬೇಸಿಗೆಯ ತಗಡಿನ ಕೆಳಗೆ ಬೆವರು ಸುರಿಯುವ ಕಿವಿಯಲ್ಲಿ ಎಣ್ಣೆಗೈಯಿಂದ ತುರುಕಿದ ಸ್ಪಂಜಿನ ತುಂಡು ಎಷ್ಟು ಹೊತ್ತು ನಿಲ್ಲುತ್ತದೆಂದು ಅವರೇ ಒಂದು ಪಾಳಿ ಹಾಕಿಕೊಂಡು ನೋಡಲಿ. ಹಾಕಿಕೊಂಡವನಿಗೆ ಜೊತೆಯವನ ಎಚ್ಚರಿಕೆಯ ಕೂಗೂ ಕೇಳದು. ಬಿರಡೆ ಕೊನೆಯ ಉಪಾಯ, ಮೊದಲನೆಯದಲ್ಲ. ಮೊದಲು ಸದ್ದು ಹುಟ್ಟುವ ಕಡೆ ಕೈ ಹಾಕಬೇಕು. ಪ್ರೆಸ್ಸಿನ ಕಾಲ ಕೆಳಗೆ ಅದುರು ನುಂಗುವ ಮೆತ್ತೆ. ಕಂಪ್ರೆಸರಿಗೆ ಬೇರೆಯೇ ಗೂಡು. ಗಾಳಿ ಬುಸ್ಸೆಂದು ಹೊರಬರುವ ವಾಲ್ವಿನ ಬಾಯಿಗೆ ಸೈಲೆನ್ಸರು. ಈ ಕೊನೆಯದು ಹೆಬ್ಬೆರಳಿನ ಗಾತ್ರದ್ದು, ಕೆಲವೇ ನೂರು ರೂಪಾಯಿಯ ಒಳಗೆ ಪೀಣ್ಯದ ಅಂಗಡಿಗಳಲ್ಲೇ ಸಿಗುವ ವಸ್ತು. ಅದನ್ನು ಹಾಕಿಸಲು ಬಂಡವಾಳ ಬೇಕಿಲ್ಲ, ಮನಸ್ಸು ಬೇಕು. ಸಣ್ಣ ಶೆಡ್ಡಿನ ಮಾಲೀಕನೂ ದೊಡ್ಡ ಕಂಪೆನಿಯ ಗುತ್ತಿಗೆಯಲ್ಲಿ ನರಳುವವನೇ ಎಂಬುದು ನಮಗೆ ಗೊತ್ತು. ಹಾಗಾದರೆ ಬಿಡಿಭಾಗಕ್ಕೆ ಮೈಕ್ರಾನ್ ಲೆಕ್ಕದಲ್ಲಿ ಅಳತೆ ಕೇಳುವ ಆ ದೊಡ್ಡ ಕಂಪೆನಿ, ಅದು ತಯಾರಾಗುವ ಶೆಡ್ಡಿನ ಸದ್ದಿನ ಅಳತೆಯನ್ನೂ ಕೇಳಲಿ, ಅದರ ಖರ್ಚನ್ನೂ ಬೆಲೆಯಲ್ಲಿ ಸೇರಿಸಲಿ.

ನಾವು ಕೇಳುವುದು ದೊಡ್ಡದೇನಲ್ಲ. ಮನೆಯಲ್ಲಿ ಕೂತು, ಐದಾರು ನಿಮಿಷದಲ್ಲಿ, ಫೋನಿನಿಂದ ಕಿವಿಯನ್ನು ಅಳೆಯಬಹುದೆಂದು ಬಂಡವಳಿಗರೇ ತೋರಿಸಿಕೊಟ್ಟ ಮೇಲೆ, ಕೆಲಸಗಾರರ ಕಿವಿ ಅಳೆಯಲು ಸಾಧನವಿಲ್ಲ, ತಜ್ಞರಿಲ್ಲ ಎಂಬ ಹಳೆಯ ನೆಪ ಸತ್ತಿತು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಅಳೆಯುವ ತಜ್ಞರನ್ನು ದೇಶಕ್ಕೆಲ್ಲ ಕೊಡುವ ಊರು ನಮ್ಮದೇ ನಾಡಿನಲ್ಲಿದೆ. ಕೆಲಸಕ್ಕೆ ಸೇರಿದ ದಿನವೇ ಕಿವಿಯ ಮೊದಲ ಅಳತೆ ಆಗಲಿ, ಆಮೇಲೆ ವರ್ಷಕ್ಕೊಮ್ಮೆ; ನಲವತ್ತಕ್ಕೆ ಕಾಯುವುದು ಬೇಡ. ಮಿತಿ 85ಕ್ಕೆ ಇಳಿಯಲಿ, 12 ಗಂಟೆಯ ಪಾಳಿಗೆ ಅದಕ್ಕಿಂತ ಕೆಳಗೆ. ಅಳತೆಯ ಹಾಳೆ ಮಾಲೀಕನ ಕಪಾಟು ಸೇರದೆ ಕೆಲಸಗಾರನ ಕೈ ಸೇರಲಿ. ಈ ಕೊನೆಯದನ್ನು ಒತ್ತಿ ಹೇಳುತ್ತೇವೆ. ಹಾಳೆ ಮಾಲೀಕನ ಬಳಿ ಇದ್ದರೆ ಅದು ಕೆಲಸದಿಂದ ತೆಗೆಯುವ ಚೀಟಿ. ಕೆಲಸಗಾರನ ಬಳಿ ಇದ್ದರೆ ಪರಿಹಾರ ಕೇಳುವ ಸಾಕ್ಷಿ. ಗುತ್ತಿಗೆಯ ಹುಡುಗರನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುವ ಕಡೆ, ಯಾರ ಶೆಡ್ಡಿನಲ್ಲಿ ಎಷ್ಟು ಕಿವಿ ಹೋಯಿತೆಂಬ ಲೆಕ್ಕ ಸಿಗುವುದೂ ಈ ಹಾಳೆಯಿಂದಲೇ.

ಚಿಕ್ಕಬಾಣಾವರದ ಯಜಮಾನರು ಫೋನಿನ ಆ ಗೆರೆಯನ್ನು ಓಣಿಯ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಮಡಿಸಿ, ಇಎಸ್‌ಐ ಚೀಟಿಯ ಜೊತೆ ಇಟ್ಟುಕೊಂಡಿದ್ದಾರೆ. ಫೋನಿನ ಪರೀಕ್ಷೆ ಕಾನೂನಿನ ಮುಂದೆ ನಿಲ್ಲುವುದಿಲ್ಲ, ಆಸ್ಪತ್ರೆಯಲ್ಲಿ ಸರಿಯಾದ ಪರೀಕ್ಷೆ ಮಾಡಿಸಿ ವೈದ್ಯರ ಮೊಹರು ಪಡೆಯಬೇಕು ಎಂದು ಹೇಳಿದೆವು. ಎರಡು ಸಲ ಹೇಳಬೇಕಾಯಿತು. ಮೂರನೆಯ ಸಲ ಮಗಳು ಅವರ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು ಹೇಳಿದಳು.

"ಅದಕ್ಕೆ ಅರ್ಧ ದಿನ ರಜಾ ಹಾಕ್ಬೇಕಲ್ಲಮ್ಮ," ಎಂದರು ಅವರು. "ಯಾತಕ್ಕೆ ಅಂತ ಕೇಳಿದ್ರೆ ಏನಂತ ಹೇಳ್ಲಿ?"

ಸೋಮವಾರ ಅವರ ಜೊತೆಗೆ ನಮ್ಮ ಸಂಗಾತಿಯೊಬ್ಬರು ಆಸ್ಪತ್ರೆಗೆ ಹೋಗುತ್ತಾರೆ. ಪ್ರೆಸ್ಸು, ಗ್ರೈಂಡಿಂಗು, ಫೋರ್ಜಿಂಗ್ ಕೆಲಸದಲ್ಲಿ ಐದು ವರ್ಷ ದಾಟಿದ ಬಂಧುಗಳು ಯಾರಾದರೂ ಜೊತೆಗೆ ಬರುವುದಾದರೆ ಬೆಳಿಗ್ಗೆ ಎಂಟಕ್ಕೆ ಚಿಕ್ಕಬಾಣಾವರ ನಿಲ್ದಾಣದ ಬಳಿ ಸೇರಬಹುದು. ಇಎಸ್‌ಐ ಚೀಟಿ, ಸಂಬಳದ ಚೀಟಿ ಎರಡನ್ನೂ ತರಬೇಕು.